ಎಂಟು ಜನರ ತೂಕದ ಉಳ್ಳಾಗಡ್ಡಿ

ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ನಾಗರತ್ನಾ ತೊಡೆಯ ಮೇಲೆ ಉಡುಗೊರೆಯ ಮಿಕ್ಸರಿನ ಡಬ್ಬಿ ಇಟ್ಟುಕೊಂಡು ರಾಣಿಯ ಹಾಗೆ ಕುಳಿತಿದ್ದಳು. ಮೈಮೇಲೆ ಅವ್ವನ ಇಳಕಲ್ ಸೀರೆ, ಹೊಸ ಕುಪ್ಪಸ, ತಲೆಯಲ್ಲಿ ಎರಡು ಮೊಳ ಮಲ್ಲಿಗೆ. ಭಾನುವಾರ ಬೇರೆ. ಅವತ್ತು ಕಚೇರಿಯಿಲ್ಲ, ಕಡತವಿಲ್ಲ, ಸಹಿಯಿಲ್ಲ. ಗೆಳತಿ ಅಲ್ಮಾಸಳ ನಿಕಾಹಿಗೆ ಹೋಗುವುದು, ಹೊಟ್ಟೆ ಬಿರಿಯುವಷ್ಟು ಉಣ್ಣುವುದು, ಮದುಮಗಳನ್ನು ಕಾಡಿ ಕಾಡಿ ನಗಿಸುವುದು, ಇಷ್ಟೇ ಕೆಲಸ.

ಎಂಟನೆಯ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ಇಬ್ಬರೂ ಒಂದೇ ಬೆಂಚಿನವರು. ಅಲ್ಮಾಸ ಈಗ ಯಾದಗಿರಿಯಲ್ಲಿ ನರ್ಸು. ಮದುಮಗ ಇನಾಯತ ದೇವಾಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅಲ್ಮಾಸಳ ತಂದೆ ಶರೀಫಸಾಬರದು ಶಹಾಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಮಗಳ ಮದುವೆಯ ಗಡಿಬಿಡಿಯಲ್ಲೂ ಅವರು ನಾಗರತ್ನಾಳ ಈ ಕುಪ್ಪಸವನ್ನು ತಾವೇ ಕೂತು ಹೊಲಿದು, “ರತ್ನಾ ಬೇಟಾ, ಇದನ್ನ ಹಾಕ್ಕೊಂಡ ಬರಬೇಕು ನೋಡು, ಬ್ಯಾರೆದು ಹಾಕ್ಕೊಂಡ್ ಬಂದಿ ಅಂದ್ರ ಊಟಕ್ಕ ಬಿಡೂದಿಲ್ಲ” ಎಂದು ಕೊಟ್ಟಿದ್ದರು.

ನಾಗರತ್ನಾಳ ನೌಕರಿ ಏನೆಂಬುದು ಅವಳ ಮನೆಯವರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಅವಳು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಸಹಾಯಕ ಪರಿವೀಕ್ಷಕಿ. ಹತ್ತಿ ಮಿಲ್ಲು, ಸಿನಿಮಾ ಟಾಕೀಸು, ಅಕ್ಕಿ ಗಿರಣಿ, ಎಲ್ಲೆಲ್ಲಿ ದೊಡ್ಡ ಕರೆಂಟು ಓಡುತ್ತದೋ ಅಲ್ಲಿಗೆಲ್ಲ ಹೋಗಿ, ಇದು ಜನರ ಜೀವಕ್ಕೆ ಎರವಾಗುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ಬರೆಯುವುದು ಅವಳ ಕೆಲಸ. ಲಿಫ್ಟುಗಳೂ ಅದೇ ಕಚೇರಿಯ ಪಾಲಿಗೆ ಬಂದಿದ್ದವು. ಆದರೆ ಓಣಿಯವರು ಅವಳನ್ನು ಕೆಇಬಿ ಮೇಡಂ ಎಂದೇ ತಿಳಿದಿದ್ದರು. ಲೈಟು ಹೋದಾಗಲೆಲ್ಲ ಬಂದು ಬಾಗಿಲು ಬಡಿಯುತ್ತಿದ್ದರು.

ಸುರಪುರದ ಬಸ್‌ ನಿಲ್ದಾಣದಿಂದ ಏರು ಹಾದಿಯಲ್ಲಿ ಹತ್ತು ನಿಮಿಷ ನಡೆದರೆ ಹೊಸ ಫಂಕ್ಷನ್ ಹಾಲ್. ಕೆಳಗೆ ಬೈಕುಗಳ ಪಾರ್ಕಿಂಗು, ಹಿಂದೆ ಅಡುಗೆಯ ಅಂಗಳ, ಅದರ ಮೇಲೆ ಮೂರು ಅಂತಸ್ತು. ಮೊದಲನೆಯದು ಗಂಡಸರಿಗೆ, ಎರಡನೆಯದು ಹೆಂಗಸರಿಗೆ, ಮೂರನೆಯದು ಊಟಕ್ಕೆ. ಅಲ್ಮಾಸಳ ದಾದಿ, ಅಂದರೆ ಅಪ್ಪನ ತಾಯಿ, ಕುಬ್ರಾಬೇಗಂ ಅವರ ಮೊಣಕಾಲು ಹತ್ತು ವರ್ಷದಿಂದ ಮಡಚುತ್ತಿರಲಿಲ್ಲ. ಲಿಫ್ಟಿದೆ ಎಂಬ ಒಂದೇ ಕಾರಣಕ್ಕೆ ಎರಡೂ ಕಡೆಯವರು ಈ ಹಾಲನ್ನು ಒಪ್ಪಿದ್ದರು.

ಹಾಲಿನ ಮಾಲೀಕ ಭಗವಂತರಾಯರು ಪಾರ್ಕಿಂಗಿನ ಮೂಲೆಯಲ್ಲಿ ಲಿಫ್ಟಿನ ಬಾಗಿಲಿಗೆ ಆತು ನಿಂತಿದ್ದರು. ಮಗಳ ಮದುವೆ ಶರೀಫಸಾಬರದೋ ಇವರದೋ ಎಂದು ಸಂಶಯ ಬರುವಷ್ಟು ಅವರ ಮುಖ ಬೆಳಗುತ್ತಿತ್ತು. ಲಿಫ್ಟಿಗೆ ಚೆಂಡುಹೂವಿನ ಮಾಲೆ, ದೃಷ್ಟಿಯಾಗದಿರಲೆಂದು ನಿಂಬೆಹಣ್ಣು, ಮೆಣಸಿನಕಾಯಿ, ಬಾಗಿಲ ಮೇಲೆ ಕುಂಕುಮದ ಸ್ವಸ್ತಿಕ.

“ಬರ್ರಿ ಬರ್ರಿ, ಮೆಟ್ಲ ಯಾಕ ಹತ್ತತೀರಿ? ಗುಂಡಿ ಒತ್ತಿದ್ರ ಮುಗೀತು. ನಾಜೂಕ ಹೋಗ್ತದ, ಹೊಟ್ಟ್ಯಾನ ನೀರು ಅಲಗಂಗಿಲ್ಲ!” ಎಂದು ಬಂದವರನ್ನೆಲ್ಲ ಒಳಗೆ ತುಂಬುತ್ತಿದ್ದರು. ಜನ ಸಾಲುಗಟ್ಟಿದ್ದರು. ಮೇಲೆ ಹೋದವರು ಮೆಟ್ಟಿಲಿಳಿದು ಬಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದರು.

ನಾಗರತ್ನಾಳ ಕಣ್ಣು ತಾನಾಗಿಯೇ ಬಾಗಿಲಿನ ಪಕ್ಕದ ಗೋಡೆಗೆ ಹೋಯಿತು. ಪರವಾನಗಿಯ ಸಂಖ್ಯೆ ಇರಬೇಕಾದ ಜಾಗದಲ್ಲಿ ಸುಣ್ಣದ ಗೋಡೆ ಮಾತ್ರ ಇತ್ತು. ಆಗ ಅವಳಿಗೆ ನೆನಪಾಯಿತು. ಸುರಪುರದ ಫಂಕ್ಷನ್ ಹಾಲಿನ ಲಿಫ್ಟಿನ ಅರ್ಜಿ ಅವಳ ಮೇಜಿನ ಮೇಲೇ ಇತ್ತು. ಪರೀಕ್ಷೆ ಬರುವ ಗುರುವಾರ. ಅಲ್ಲಿಯವರೆಗೆ ಇದರಲ್ಲಿ ಒಂದು ಬೆಕ್ಕೂ ಓಡಾಡಬಾರದು.

‘ಇವತ್ತ ನಾ ಲಗ್ನಕ್ಕ ಬಂದಾಕಿ’ ಎಂದು ತನಗೆ ತಾನೇ ಹೇಳಿಕೊಂಡಳು. ಡಬ್ಬಿಯನ್ನು ಎದೆಗವಚಿ, ಲಿಫ್ಟಿನ ಕಡೆ ಬೆನ್ನು ಮಾಡಿ, ಮೆಟ್ಟಿಲು ಹತ್ತತೊಡಗಿದಳು.

ಮೊದಲ ಅಂತಸ್ತು ಮುಟ್ಟುವುದಕ್ಕೂ ಲಿಫ್ಟು ಅಲ್ಲಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಬಾಗಿಲು ತೆರೆಯಿತು. ಒಳಗಿನ ಪೆಟ್ಟಿಗೆ ನೆಲಕ್ಕಿಂತ ಅರ್ಧ ಅಡಿ ಕೆಳಗೆ ನಿಂತಿತ್ತು. ಮದುಮಗನ ಸೋದರಮಾವ ಖಾಜಾಹುಸೇನ ಎಡವಿ, ಮುಂದಿದ್ದವರ ಬೆನ್ನ ಮೇಲೆ ಬಿದ್ದು, ನಗುತ್ತಲೇ ಹೊರಬಂದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನಾಗರತ್ನಾ ಎಣಿಸಿದಳು. ಎಂಟು ಜನರ ಲಿಫ್ಟಿನಿಂದ ಹನ್ನೆರಡು ಜನ ಇಳಿದರು. ಅವರ ಕಣ್ಣೆದುರೇ ಪೆಟ್ಟಿಗೆ ಇನ್ನೂ ಎರಡು ಬೆರಳು ಕೆಳಗೆ ಜಾರಿ ನಿಂತಿತು. ಯಾರೂ ಗಮನಿಸಲಿಲ್ಲ.

ಅವಳು ಮೆಟ್ಟಿಲ ಕಟಾಂಜನ ಹಿಡಿದು ಕೆಳಗೆ ಬಗ್ಗಿ ನೋಡಿದಳು. ಶರೀಫಸಾಬರೂ ಇನ್ನಿಬ್ಬರೂ ಸೇರಿ ಕುಬ್ರಾಬೇಗಂ ಅವರನ್ನು ಕುರ್ಚಿಯ ಸಮೇತ ಲಿಫ್ಟಿನತ್ತ ತರುತ್ತಿದ್ದರು. ಅವರ ಹಿಂದೆ ಏಳೆಂಟು ಹೆಂಗಸರು, ‘ದಾದಿಯ ಜೋಡಿ ನಾವೂ’ ಎಂದು.

ಇಳಕಲ್ ಸೀರೆಯ ನಿರಿಗೆ ಒಂದು ಕೈಯಲ್ಲಿ, ಮಿಕ್ಸರಿನ ಡಬ್ಬಿ ಇನ್ನೊಂದು ಕೈಯಲ್ಲಿ. ಅವಳು ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಒಂದು ಚಪ್ಪಲಿ ದಾರಿಯಲ್ಲೇ ಕಳಚಿತು. ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ಡಬ್ಬಿಯನ್ನು ನೆಲಕ್ಕಿಟ್ಟು, ಎರಡೂ ಕೈ ಚಾಚಿ ನಿಂತಳು.

“ನಿಲ್ಲ್ರಿ! ಯಾರೂ ಹತ್ತಬ್ಯಾಡ್ರಿ!”

“ಏನಾತ ಬೇಟಾ?” ಎಂದರು ಶರೀಫಸಾಬರು, ಕುರ್ಚಿಯ ಭಾರಕ್ಕೆ ಏದುತ್ತ.

“ಚಾಚಾ, ದಾದಿಮಾನ್ನ ಕೆಳಗ ಇಳಸ್ರಿ. ಈ ಲಿಫ್ಟಿಗೆ ಪರವಾನಗಿ ಇಲ್ಲ. ಬ್ರೇಕ್ ಹಿಡೀವಲ್ದು.”

ಅವಳು ಅಲ್ಲೇ ನಿಂತು ತನ್ನ ಮೇಲಧಿಕಾರಿ ಗುರಪ್ಪನವರಿಗೆ ಫೋನು ಹಚ್ಚಿದಳು. ಅವರು ಮನೆಮಂದಿಯ ಜೊತೆ ತಿಂಥಣಿಯಲ್ಲಿದ್ದರು. ಮೌನೇಶ್ವರನ ಗುಡಿಯ ಗಂಟೆ ಫೋನಿನೊಳಗೇ ಬಡಿಯಿತು.

“ನೀವು ಲಗ್ನಕ್ಕ ಹೋಗೀರೋ, ಡ್ಯೂಟಿಗೆ ಹೋಗೀರೋ?”

“ಎರಡೂ ಆಗಿಬಿಟ್ಟದ್ರಿ ಸರ್.” ಕಂಡದ್ದನ್ನೆಲ್ಲ ಉಸಿರು ಬಿಡದೆ ಹೇಳಿದಳು.

“ಮೇನ್ ಸ್ವಿಚ್ ತಗೀರಿ, ಆಮ್ಯಾಲ ಮಾತು. ಬಂದ್ ಮಾಡೋ ಆರ್ಡರ್ ನಾ ಕಳಸ್ತೀನಿ.”

“ಎಲ್ಲಾರೂ ಬೈತಾರ ಸರ್.”

“ಬೈಸ್ಕೋರಿ. ಬೈಸ್ಕೊಂಡು ಯಾರೂ ಸತ್ತಿಲ್ಲ.”

ಖಾಲಿ ಲಿಫ್ಟು ಕೆಳಗೆ ಬಂದು ನಿಂತದ್ದೇ ಅವಳು ಮೇನ್ ಸ್ವಿಚ್ ಎಳೆದಳು. ಲಿಫ್ಟಿನ ಕೆಂಪು ಅಂಕಿ ಆರಿತು. ಅದರ ಹಿಂದೆಯೇ ಬೈಗುಳ ಶುರುವಾಯಿತು.

ಮೊದಲು ಬಂದವನು ಖಾಜಾಹುಸೇನ. “ಕರೆಂಟ್ ಬಿಲ್ ಕೇಳಾಕ ಬಂದಾಳೇನು ಕೆಇಬಿಯಾಕಿ? ಹನ್ನೆರಡ ಮಂದಿ ಹೋದ್ವಿ, ಏನಾತು ನಮಗ? ಬೀಗರ ಮುಂದ ನಮ್ಮ ಮಾನ ತಗಿಬೇಕಂತ ಬಂದೀಯೇನು?”

ಭಗವಂತರಾಯರಂತೂ ಅಳುವುದೊಂದು ಬಾಕಿ. “ಮೇಡಮ್ಮೋರೆ, ಗುರುವಾರ ನೀವ ಬರ್ತೀರಲ್ಲ, ನೀವ ಸಹಿ ಮಾಡ್ತೀರಲ್ಲ. ನಾಕು ದಿನ ಹಿಂದ ಮುಂದ ಅಷ್ಟ. ಈ ಓಣ್ಯಾಗ ಮೊದಲನೇ ಲಿಫ್ಟ್ರಿ ಇದು. ಇದಕ್ಕ ನಾ ಊದಿನಕಡ್ಡಿ ಬೆಳಗತೀನ್ರಿ ದಿನಾ!”

ಸುತ್ತ ಜನ ಸೇರಿದರು. ಲಗ್ನದ ಮನೆಗೆ ಸರ್ಕಾರದ ರೇಡ್ ಬಂದಿದೆಯಂತೆ ಎಂದು ಯಾರೋ, ಹಾಲನ್ನೇ ಮುಚ್ಚುತ್ತಾರಂತೆ ಎಂದು ಇನ್ಯಾರೋ. ಇಷ್ಟೆಲ್ಲ ಮಾತು ನಾಗರತ್ನಾಳನ್ನು ಅಷ್ಟಾಗಿ ತಾಗಲಿಲ್ಲ. ಶರೀಫಸಾಬರು ಅವಳ ಮುಖವನ್ನೂ ನೋಡದೆ ಕೈಗಳನ್ನು ಹಿಸುಕಿಕೊಳ್ಳುತ್ತ ನಿಂತಿದ್ದರಲ್ಲ, ಅದು ತಾಗಿತು. ಎರಡನೆಯ ಅಂತಸ್ತಿನಲ್ಲಿ ಕೆಂಪು ಜರಿಯ ದುಪಟ್ಟಾ ಹೊದ್ದು ಕೂತ ಅಲ್ಮಾಸಳಿಗೆ ಈ ಸುದ್ದಿ ಯಾವ ರೂಪದಲ್ಲಿ ಮುಟ್ಟೀತೋ.

ಗುಂಪಿನ ಹಿಂದೆ ಒಬ್ಬ ಹುಡುಕಿದರೂ ಸಿಗದವನ ಹಾಗೆ ಮೈ ಮುದುಡಿ ನಿಂತಿದ್ದ. ಅವನ ಅಂಗಿಯ ಜೇಬಿನಲ್ಲಿ ಟೆಸ್ಟರು, ಸ್ಕ್ರೂಡ್ರೈವರು. ಕಲಬುರಗಿಯಿಂದ ಬಂದ ಲಿಫ್ಟಿನ ಮೆಕ್ಯಾನಿಕ್ ಸುನೀಲಕುಮಾರ ಎಂದು ಗೊತ್ತಾಯಿತು.

“ನೀವ ಹೇಳ್ರಿ. ಬ್ರೇಕ್ ಸೆಟ್ ಮಾಡೀರೇನು?” ಎಂದಳು ನಾಗರತ್ನಾ.

ಅವನು ಒಮ್ಮೆ ಭಗವಂತರಾಯರನ್ನು ನೋಡಿದ, ಒಮ್ಮೆ ತನ್ನ ಬೂಟುಗಳನ್ನು. “ಇಲ್ರಿ ಮೇಡಂ. ಬ್ರೇಕಿನ ಲೈನರ್ ಬದ್ಲಿ ಮಾಡೋದದ. ಬುಧವಾರ ಬರ್ತದ. ಇವತ್ತ ಚಾಲೂ ಮಾಡಬ್ಯಾಡ್ರಿ ಅಂತ ಅಣ್ಣಾರಿಗೆ ಎರಡ ಸಲ ಅಂದೆ. ಬರೇ ಒಂದ್ ಸಲ ಓಡ್ಸಿ ತೋರ್ಸು ಅಂದ್ರು. ಆಮ್ಯಾಲ ಮಂದಿ ನಿಲ್ಲಲಿಲ್ಲ.”

“ಮೂರ ದಿನದಿಂದ ಹೊಟ್ಟಿ ತುಂಬ ಉಣ್ಣಾಕ ಹಾಕೇನಲ್ಲೋ ನಿನಗ!” ಎಂದು ಭಗವಂತರಾಯರು ಹಣೆ ಬಡಿದುಕೊಂಡರು.

ಇಷ್ಟರಲ್ಲಿ ಕುರ್ಚಿಯಿಂದ ಒಂದು ಕೈ ಮೇಲೆದ್ದಿತು. ಬಳೆಗಳು ಗಲ್ಲೆಂದವು. ಕುಬ್ರಾಬೇಗಂ ಶಹಾಪುರದ ಅರ್ಧ ಓಣಿಯನ್ನು ತಮ್ಮ ತೊಡೆಯ ಮೇಲೆ ಬೆಳೆಸಿದವರು. ಅವರ ಮಾತನ್ನು ದಾಟುವವರಿರಲಿಲ್ಲ.

“ಏ ರತ್ನಾ. ಈಕಡೆ ಬಾ. ನಾ ಇಲ್ದ ಈ ನಿಕಾಹ್ ಆಗಂಗಿಲ್ಲ, ತಿಳೀತಿಲ್ಲೋ? ಮತ್ತ ನಾ ಮ್ಯಾಲ ಹೋಗೂದು ಹ್ಯಾಂಗ?” ಅವಳು ಬಾಯಿ ತೆರೆಯುವ ಮುಂಚೆಯೇ ಅವರೇ ಮುಂದುವರಿಸಿದರು. “ಹಂಗಾರ ಒಂದ ಕೆಲ್ಸ ಮಾಡು. ನನ್ನ ಬದ್ಲಿ ಬ್ಯಾರೆ ಏನರ ತುಂಬಿ ತೋರ್ಸು. ನಿಂದು ಖರೇ ಆದ್ರ ನಾ ಇಲ್ಲೇ ಕೂಡ್ತೀನಿ. ಸುಳ್ಳಾತಂದ್ರ ನಿನ್ನ ಹೆಗಲ ಮ್ಯಾಲ ಕುಂತು ಮ್ಯಾಲ ಹೋಗಾಕಿನ.”

ಜನ ಗೊಳ್ಳೆಂದರು. ನಾಗರತ್ನಾಳಿಗೂ ನಗು ಬಂತು. ಬೈಗುಳಕ್ಕೆ ಉತ್ತರ ಕೊಡುವುದು ಅವಳಿಗೆ ಬರುತ್ತಿರಲಿಲ್ಲ, ಆದರೆ ತೂಕದ ಪರೀಕ್ಷೆ ಚೆನ್ನಾಗಿ ಬರುತ್ತಿತ್ತು.

“ಎಂಟು ಮಂದಿ ಅಂದ್ರ ಐದ್‌ನೂರಾ ನಲವತ್ನಾಕು ಕಿಲೊ,” ಎಂದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ. “ಅಷ್ಟು ತೂಕ ಒಳಗ ಇಡೋಣು. ಜೀವ ಇರೋದು ಒಂದೂ ಒಳಗ ಇರಬಾರದು. ಎಲ್ಲಾರೂ ಹತ್ತು ಹೆಜ್ಜಿ ಹಿಂದ ಸರೀರಿ.”

“ತೂಕ ಎಲ್ಲಿಂದ ತರೂದು?” ಎಂದ ಖಾಜಾಹುಸೇನ.

ಅಷ್ಟರಲ್ಲಿ ಅಡುಗೆಯ ಅಂಗಳದಿಂದ ಹುರಿದ ಮಸಾಲೆಯ ವಾಸನೆ ಬಂತು. ಎಲ್ಲರ ತಲೆಯೂ ಒಟ್ಟಿಗೆ ಆ ಕಡೆ ತಿರುಗಿತು.

ಬಾವರ್ಚಿ, ಅಂದರೆ ಮದುವೆಯ ಅಡುಗೆಯವನು, ಸೌಟು ಹಿಡಿದುಕೊಂಡೇ ಓಡಿಬಂದ. “ಏ ಏ ಏ! ನನ್ನ ಉಳ್ಳಾಗಡ್ಡಿ ಮುಟ್ಟಬ್ಯಾಡ್ರಿ! ಅಕ್ಕಿ ನೆನಿ ಹಾಕೋ ಹೊತ್ತಾತು! ಒಂದ ಗಂಟಿಗೆ ಬಿರಿಯಾನಿ ಆಗಲಿಲ್ಲಂದ್ರ ನನ್ನ ಹೆಸರು ಹೇಳಿ ಬೈತಾರ, ಲಿಫ್ಟಿನ ಹೆಸರು ಹೇಳಂಗಿಲ್ಲ!”

“ಕಾಲ ತಾಸಿನ್ಯಾಗ ತಿರುಗಿ ಕೊಡ್ತೀನಿ ಕಾಕಾ,” ಎಂದಳು ನಾಗರತ್ನಾ.

ಐವತ್ತು ಕಿಲೊದ ಉಳ್ಳಾಗಡ್ಡಿ ಚೀಲ ಎಂಟು ಬಂದವು, ಇಪ್ಪತ್ತೈದು ಕಿಲೊದ ಅಕ್ಕಿ ಚೀಲ ಆರು. ಬೈಯುತ್ತಿದ್ದವರೇ ಹೊರತೊಡಗಿದರು. ಶೇರವಾನಿ ತೊಟ್ಟವರು, ಕೊರಳಲ್ಲಿ ಗುಲಾಬಿ ಮಾಲೆಯವರು ಬೆನ್ನ ಮೇಲೆ ಚೀಲ ಹೇರಿಕೊಂಡು ಓಡಿದರು. ಮದುಮಗ ಇನಾಯತನೇ ಮೇಲಿನಿಂದ ಇಳಿದುಬಂದ. ಮುಖದ ಮುಂದೆ ಇಳಿಬಿಟ್ಟಿದ್ದ ಹೂವಿನ ಸೆಹರಾವನ್ನು ಎತ್ತಿ ತಲೆಯ ಮೇಲೆ ಹಾಕಿಕೊಂಡು ಗಣಿತದ ಮಾಸ್ತರನ ಧಾಟಿಯಲ್ಲಿ ಎಣಿಸಿದ. “ಎಂಟೈದ್ಲೆ ನಲವತ್ತು, ಅಂದ್ರ ನಾನೂರು. ಆರಿಪ್ಪತ್ತೈದ್ಲೆ ನೂರಾ ಐವತ್ತು. ಒಟ್ಟು ಐದ್‌ನೂರಾ ಐವತ್ತು. ಆರ ಕಿಲೊ ಜಾಸ್ತಿ ಆತು ಮೇಡಂ.”

“ನಡೀತದ. ಲಗ್ನದಾಗ ಉಂಡ ಮ್ಯಾಲ ಅಷ್ಟು ಏರೇ ಏರ್ತದ,” ಎಂದಳು ಅವಳು.

ಸುನೀಲಕುಮಾರ ಮೇಲ್ಛಾವಣಿಯ ಮೋಟರ್ ಕೋಣೆಗೆ ಹತ್ತಿದ. ಕೆಳಗೆ ನಾಗರತ್ನಾ ಜನರನ್ನು ಹಿಂದೆ ಸರಿಸಿ, ಎಲ್ಲ ಅಂತಸ್ತಿನ ಬಾಗಿಲೂ ಮುಚ್ಚಿವೆಯೇ ಎಂದು ತಾನೇ ಹತ್ತಿ ಇಳಿದು ನೋಡಿಬಂದಳು. ಹೊರಡುವಾಗಿದ್ದ ಎರಡು ಮೊಳದ ಮಲ್ಲಿಗೆಯಲ್ಲಿ ಆ ಹೊತ್ತಿಗೆ ಒಂದು ಗೇಣು ಉಳಿದಿತ್ತು. ಸ್ವಿಚ್ ಹಾಕಿ ಫೋನಿನಲ್ಲಿ, “ಮ್ಯಾಲ ತಗೊಳ್ರಿ” ಎಂದಳು.

ಲಿಫ್ಟು ಗುಂಯ್ ಎಂದಿತು. ಬಾಗಿಲ ನಡುವಿನ ಗಾಜಿನ ಕಿಂಡಿಯಲ್ಲಿ ಉಳ್ಳಾಗಡ್ಡಿ ಚೀಲಗಳು ಮೆಲ್ಲಗೆ ಮೇಲೆ ಹೋದವು. ಕೆಂಪು ಅಂಕಿ ಒಂದಾಯಿತು, ನಿಂತಿತು. ಜನ ಕತ್ತು ಚಾಚಿದರು. ಏನೂ ಆಗಲಿಲ್ಲ.

“ನೋಡ್ರಿ!” ಎಂದು ಭಗವಂತರಾಯರು ಎರಡೂ ಕೈ ಜೋಡಿಸಿದರು. “ನಿಂತಿಲ್ಲೇನ್ರಿ? ಬಂಗಾರದಂಥ ಲಿಫ್ಟು! ಸುಳ್ಳ ನನ್ನ...”

ಅವರ ಮಾತು ಅಲ್ಲೇ ನಿಂತಿತು. ಮೇಲೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸಪ್ಪಳ. ಗಾಜಿನ ಕಿಂಡಿಯಲ್ಲಿ ಮೊದಲು ಪೆಟ್ಟಿಗೆಯ ತಳ ಕಂಡಿತು, ಆಮೇಲೆ ಒಂದು ಚೀಲ, ಅದರ ಮೇಲಿನ ಇನ್ನೊಂದು ಚೀಲ. ಬಾವಿಗೆ ಕೊಡ ಬಿಟ್ಟಂತೆ ಲಿಫ್ಟು ತಾನಾಗಿಯೇ ಕೆಳಗಿಳಿಯುತ್ತಿತ್ತು. ಮೊದಲು ನಿಧಾನವಾಗಿ, ನೋಡನೋಡುತ್ತಿದ್ದಂತೆ ರಭಸದಿಂದ. ಕಿಂಡಿಯನ್ನು ದಾಟಿ ಪೆಟ್ಟಿಗೆಯ ಮಾಡು ಕೂಡ ಕೆಳಗೆ ಹೋಯಿತು.

ದಢಮ್!

ನೆಲ ನಡುಗಿತು. ಬೈಕೊಂದು ಸ್ಟ್ಯಾಂಡು ತಪ್ಪಿ ಮಗುಚಿತು. ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣು ಕಳಚಿ ಬಿದ್ದು ಖಾಜಾಹುಸೇನನ ಕಾಲ ಹತ್ತಿರ ಉರುಳಿ ನಿಂತಿತು.

ನಾಗರತ್ನಾ ಸ್ವಿಚ್ ತೆಗೆದಳು. ಸುನೀಲಕುಮಾರ ಓಡಿ ಬಂದು ಕೀಲಿ ಹಾಕಿ ಬಾಗಿಲು ಸರಿಸಿದ. ಪೆಟ್ಟಿಗೆ ನೆಲಕ್ಕಿಂತ ಮೂರಡಿ ಕೆಳಗೆ, ತಳದ ತಗ್ಗುಗುಂಡಿಯ ಸ್ಪ್ರಿಂಗುಗಳ ಮೇಲೆ ಕೂತಿತ್ತು. ಎರಡು ಚೀಲ ಒಡೆದು, ಉಳ್ಳಾಗಡ್ಡಿಗಳು ಒಳಗೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ಖಾಜಾಹುಸೇನ ಒಂದು ಬೈಕಿನ ಸೀಟಿನ ಮೇಲೆ ಕುಸಿದು ಕೂತ. “ಹನ್ನೆರಡ ಮಂದಿ,” ಎಂದ. “ನಾವು ಹನ್ನೆರಡ ಮಂದಿ ಇದ್ವಿ.” ಭಗವಂತರಾಯರ ಕಣ್ಣಲ್ಲಿ ನೀರು ತುಂಬಿತ್ತು. ಅವರು ಕುಬ್ರಾಬೇಗಂ ಅವರ ಕುರ್ಚಿಯ ಮುಂದೆ ಹೋಗಿ, ಅವರ ಕಾಲು ಮುಟ್ಟಿದರು.

ಮುದುಕಿ ಬಗ್ಗಿ ಗುಂಡಿಯೊಳಗಿನ ಉಳ್ಳಾಗಡ್ಡಿಗಳನ್ನು ಬಹಳ ಹೊತ್ತು ನೋಡಿದರು. ಅವರ ಭುಜ ಕುಲುಕಿತು. ಅಳುತ್ತಿದ್ದಾರೆಂದು ಶರೀಫಸಾಬರು ಓಡಿಬಂದರು. ಅವರು ನಗುತ್ತಿದ್ದರು.

“ಯಾ ಅಲ್ಲಾ,” ಎಂದರು, ಮೂಗಿಗೆ ಸೆರಗು ಒತ್ತಿಕೊಂಡು. “ಅರೇ ಶರೀಫಾ, ಎಂಟ ಚೀಲ ಉಳ್ಳಾಗಡ್ಡಿ ಕುಂತಾಗ ಹಿಂಗಾತು. ನಾ ಒಬ್ಬಾಕಿನ ಮೂರ ಚೀಲ ಅದೀನಿ! ನಾ ಕುಂತಿದ್ರ ಪಾತಾಳದಾಗ ನಿಕಾಹ್ ಓದಸ್ಬೇಕಾಗ್ತಿತ್ತು!”

ಒಬ್ಬಳು ಕಿಸಕ್ಕೆಂದಳು. ಅವಳ ಪಕ್ಕದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಬೈಕಿನ ಮೇಲೆ ಕೂತಿದ್ದ ಖಾಜಾಹುಸೇನನಿಂದ ಹೊಟ್ಟೆಯೊಳಗಿಂದ ಒಂದು ನಗು ಹೊರಟಿತು. ಅಲ್ಲಿಂದ ಅದನ್ನು ತಡೆಯುವವರಾರು? ಇಡೀ ಪಾರ್ಕಿಂಗು ನಕ್ಕಿತು. ಕಂಬ ಹಿಡಿದು ನಕ್ಕರು, ಒಬ್ಬರ ಹೆಗಲಿಗೊಬ್ಬರು ಒರಗಿ ನಕ್ಕರು. ಲಿಫ್ಟು ಹತ್ತಿ ಇಳಿದವರು ತಮ್ಮ ಕೈಕಾಲು ತಾವೇ ಮುಟ್ಟಿ ನೋಡಿಕೊಂಡು ನಕ್ಕರು. ನಾಗರತ್ನಾ ನಗುತ್ತ ನಗುತ್ತ ನೆಲದ ಮೇಲೆ ಕೂತುಬಿಟ್ಟಳು. ಶರೀಫಸಾಬರು ಅವಳ ತಲೆಯ ಮೇಲೆ ಕೈಯಿಟ್ಟರು. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು.

ಬಾವರ್ಚಿಯೊಬ್ಬನೇ ನಗಲಿಲ್ಲ. ಅವನು ಗುಂಡಿಗೆ ಬಗ್ಗಿ ಕೂಗುತ್ತಿದ್ದ, “ನನ್ನ ಅಕ್ಕಿ ತಗೀರಿ ಮೊದ್ಲ! ಆಮ್ಯಾಲ ನಗ್ರಿ!”

ಆ ಗದ್ದಲ ಎರಡನೆಯ ಅಂತಸ್ತಿಗೂ ಮುಟ್ಟಿತ್ತು. ಮೆಟ್ಟಿಲ ಮೇಲೆ ಗೆಜ್ಜೆಯ ಸಪ್ಪಳವಾಯಿತು. ಎಲ್ಲರೂ ತಿರುಗಿದರೆ, ಮದುಮಗಳು ಅಲ್ಮಾಸ ಕೆಂಪು ದುಪಟ್ಟಾವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿಯುತ್ತಿದ್ದಳು. ಹಿಂದೆ ಚಿಕ್ಕಮ್ಮಂದಿರು, “ಏ, ಮದುಮಗಳು ಹಿಂಗ ಓಡಬಾರ್ದು!” ಎನ್ನುತ್ತ ಬೆನ್ನಟ್ಟಿದ್ದರು. ಇನಾಯತ ಗಾಬರಿಯಿಂದ ಸೆಹರಾವನ್ನು ಮುಖದ ಮೇಲೆ ಎಳೆದುಕೊಂಡು ಕಂಬದ ಹಿಂದೆ ಸರಿದ.

ಅಲ್ಮಾಸ ಗುಂಡಿಯನ್ನು ನೋಡಿದಳು, ದಾದಿಯನ್ನು ನೋಡಿದಳು, ನೆಲದ ಮೇಲೆ ಒಂದೇ ಚಪ್ಪಲಿ ಹಾಕಿಕೊಂಡು ಕೂತ ಗೆಳತಿಯನ್ನು ನೋಡಿದಳು.

“ಏ ರತ್ನಿ, ನನ್ನ ಲಗ್ನದಾಗ ರೇಡ್ ಮಾಡೀಯೇನು?”

“ಮಾಡೇನಿ,” ಎಂದಳು ನಾಗರತ್ನಾ. ಅವಳಿಗೆ ಅಳು ಬರುವಂತಾಯಿತು. “ಸಿಟ್ಟಾಗೀ?”

“ಹುಚ್ಚಿ!” ಅಲ್ಮಾಸ ಬಗ್ಗಿ ಅವಳನ್ನು ಎಳೆದು ಎಬ್ಬಿಸಿ, ಮೆಹಂದಿಯ ಕೈಗಳಿಂದ ಬಿಗಿಯಾಗಿ ತಬ್ಬಿದಳು. “ನನ್ನ ದಾದಿನ್ನ ಉಳಿಸ್ಕೊಟ್ಟೀ ಬೇ.” ಆಮೇಲೆ ನರ್ಸಿನ ಗಟ್ಟಿ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು, “ಅಬ್ಬಾ, ದಾದಿ ಮ್ಯಾಲ ಬರಾಕಾಗಲ್ಲಂದ್ರ ನಿಕಾಹ್ ಕೆಳಗ ಬರ್ತದ. ಇಲ್ಲೇ ಮಾಡೋಣು.”

“ಇಲ್ಲಿ? ಗಾಡಿ ನಿಲ್ಲಸೋ ಜಾಗದಾಗ?” ಎಂದರು ಶರೀಫಸಾಬರು.

“ಗಾಡಿ ಹೊರಗ ನಿಲ್ಲತಾವ!” ಎಂದು ಖಾಜಾಹುಸೇನ ಬೈಕಿನಿಂದ ಜಿಗಿದೆದ್ದ. ಆಗಷ್ಟೇ ಮರುಜನ್ಮ ಪಡೆದ ಮನುಷ್ಯನ ಹುರುಪು ಅವನದು. ಮೊದಲ ಬೈಕನ್ನು ಅವನೇ ತಳ್ಳಿದ.

ಆಮೇಲಿನ ಅರ್ಧ ಗಂಟೆ ಹೇಗೆ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ಬೈಕುಗಳು ಸಾಲಾಗಿ ರಸ್ತೆಗೆ ಹೋದವು. ಮೂರನೆಯ ಅಂತಸ್ತಿನಿಂದ ಪಾರ್ಕಿಂಗಿನವರೆಗೆ ಮೆಟ್ಟಿಲಿಗೊಬ್ಬರಂತೆ ಜನ ನಿಂತರು. ಕುರ್ಚಿಗಳು ಕೈಯಿಂದ ಕೈಗೆ ಇಳಿದವು, ಜಮಖಾನೆಗಳು ಇಳಿದವು, ವೇದಿಕೆಯ ಹೂವಿನ ತೋರಣ ಉದ್ದ ಹಾವಿನಂತೆ ಮೆಟ್ಟಿಲು ಸುತ್ತಿ ಇಳಿಯಿತು. ಮದುಮಗಳ ಕೆಂಪು ಸೋಫಾ ಎರಡನೆಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಅದರ ಮೇಲೆ ಭಗವಂತರಾಯರು, ಕೆಳಗೆ ಸುನೀಲಕುಮಾರ, ನಡುವೆ “ಎಡಕ್ಕ! ಅಲ್ರೀ ನನ್ನ ಎಡಕ್ಕ!” ಎಂದು ನಾಗರತ್ನಾ. ಸೋಫಾ ಬಿಡಿಸಿಕೊಂಡು ಇಳಿದಾಗ ಮೂವರೂ ಅದರ ಜೊತೆಯಲ್ಲೇ ಎರಡು ಮೆಟ್ಟಿಲು ಜಾರಿದರು.

“ಮೇಡಂ, ಇದಕ್ಕೂ ಪರವಾನಗಿ ಬೇಕೇನ್ರಿ?” ಎಂದು ಮೇಲಿನ ಮೆಟ್ಟಿಲಿನವನು ಕೂಗಿದ.

“ಬೇಕು! ಎಂಟ ಮಂದಿ ಕುಂದ್ರಬ್ಯಾಡ್ರಿ!” ಎಂದಳು ಅವಳು.

ಗಂಡಸರಿಗೂ ಹೆಂಗಸರಿಗೂ ನಡುವೆ ವೇದಿಕೆಯ ಹಿಂದಿನ ಪರದೆಯನ್ನೇ ಹಗ್ಗಕ್ಕೆ ಕಟ್ಟಿದರು. ಸಾಲದ್ದಕ್ಕೆ ಯಾರೋ ತಮ್ಮ ಮಂಚದ ಚಾದರ ತಂದು ಪಿನ್ನು ಹಾಕಿದರು. ಕುಬ್ರಾಬೇಗಂ ಆ ಪರದೆಯ ಅಂಚಿನಲ್ಲಿ, ಎರಡೂ ಕಡೆ ಕಾಣುವಂತೆ ಕುರ್ಚಿ ಹಾಕಿಸಿಕೊಂಡು ದರ್ಬಾರಿಗೆ ಕೂತಂತೆ ಕೂತರು.

ನಿಕಾಹ್ ಓದಿಸುವ ಖಾಜಿಸಾಬರು ಬಂದು ಸುತ್ತ ನೋಡಿ, ಗಡ್ಡ ನೀವಿ ಕೂತರು. ಪರದೆಯ ಆಚೆಯಿಂದ ಅಲ್ಮಾಸಳ ‘ಕಬೂಲ್ ಹೈ’ ಮೂರು ಸಲ ಗಟ್ಟಿಯಾಗಿ ಬಂತು. ಇನಾಯತನದು ಮೊದಲ ಸಲ ಕೇಳಿಸಲೇ ಇಲ್ಲ. ಚೀಲ ಹೊತ್ತು ಅವನ ಉಸಿರು ಇನ್ನೂ ತಿರುಗಿರಲಿಲ್ಲ. “ಗಟ್ಟಿ ಹೇಳೋ ಮಾಸ್ತರ, ಕಡೀ ಬೆಂಚಿಗೆ ಕೇಳಂಗಿಲ್ಲ!” ಎಂದು ಹಿಂದಿನಿಂದ ಯಾರೋ ಅಂದರು. ಖಜೂರದ ಹಣ್ಣುಗಳು ಮೇಲೆ ಹಾರಿದವು. ಹಿಡಿಯಲು ಜನ ಮುಗಿಬಿದ್ದರು. ಡೊಳ್ಳುಹೊಟ್ಟೆಯ ಭಗವಂತರಾಯರು ಒಂದೇ ನೆಗೆತಕ್ಕೆ ಎರಡು ಹಿಡಿದರು. ಪರದೆಯ ಆಚೆ ಹೆಂಗಸರು ಢೋಲಕ್ ತೆಗೆದು ಬಡಿಯತೊಡಗಿದರು. ಪಾರ್ಕಿಂಗಿನ ತಗ್ಗು ಮಾಡಿಗೆ ಆ ಸದ್ದು ಬಡಿದು ನಾಲ್ಕು ಪಟ್ಟಾಗಿ ಹೊರಟು, ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು.

ಬಿರಿಯಾನಿ ಒಂದಕ್ಕಲ್ಲ, ಎರಡೂವರೆಗೆ ಆಯಿತು. ಯಾರೂ ಬಾವರ್ಚಿಯ ಹೆಸರು ಹೇಳಿ ಬೈಯಲಿಲ್ಲ. ಅಂಗಳದಲ್ಲೇ ಪಂಕ್ತಿ ಹಾಕಿದ್ದರಿಂದ ಡೇಗಿನ ಹಂಡೆಯಿಂದ ನೇರ ತಾಟಿಗೆ, ಹೊಗೆಯಾಡುವಂತೆಯೇ ಬಿತ್ತು. ನಾಗರತ್ನಾಳಿಗೆ, “ನೀ ತಿನ್ನಂಗಿಲ್ಲಲ್ಲ” ಎಂದು ಶರೀಫಸಾಬರು ಬೇರೆಯಾಗಿ ಬಗಾರಾ ಅನ್ನ, ಎಣ್ಣಿಗಾಯಿ ಮಾಡಿಸಿದ್ದರು. ಅವಳ ಕುಪ್ಪಸದ ತೋಳಿನ ಹೊಲಿಗೆ ಅಷ್ಟು ಹೊತ್ತಿಗೆ ಬಿಚ್ಚಿತ್ತು. ಅದನ್ನು ಕಂಡು ಅವರು ಉಣ್ಣುವುದನ್ನೂ ಬಿಟ್ಟು ಜೇಬಿನಿಂದ ಸೂಜಿದಾರ ತೆಗೆದರು. ದರ್ಜಿಯ ಜೇಬಿನಲ್ಲಿ ಮಗಳ ಮದುವೆಯ ದಿನವೂ ಅದು ಇರುತ್ತದೆ.

ಮೂರು ಗಂಟೆಗೆ ಗುರಪ್ಪನವರು ತಿಂಥಣಿಯಿಂದ ಹೆಂಡತಿ ಮಕ್ಕಳ ಸಮೇತ ಜೀಪಿನಲ್ಲಿ ಬಂದಿಳಿದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ತೆಂಗಿನಕಾಯಿ ಮತ್ತು ಮುದ್ರೆಯೊತ್ತುವ ಅರಗಿನ ಪೆಟ್ಟಿಗೆ. ಗಲಾಟೆ ಬಿಡಿಸಬೇಕಾದೀತೆಂದು ಅವರು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದರು. ಇಲ್ಲಿ ನೋಡಿದರೆ ಅವರ ಸಹಾಯಕ ಪರಿವೀಕ್ಷಕಿ ಬರಿಗಾಲಿನಲ್ಲಿ, ಹೆಂಗಸರ ನಡುವೆ ಕೂತು ಢೋಲಕ್ ಬಡಿಯುತ್ತಿದ್ದಳು.

“ಏನ್ರಿ ಇದು?” ಎಂದರು ಗುರಪ್ಪನವರು.

“ಬೈಸ್ಕೊಂಡು ಮುಗೀತ್ರಿ ಸರ್,” ಎಂದಳು ನಾಗರತ್ನಾ ಎದ್ದು ನಿಂತು. ನಗು ತಡೆಯಲಾಗದೆ ಮತ್ತೆ ಕೂತಳು.

ಗುರಪ್ಪನವರು ಗುಂಡಿಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಸುನೀಲಕುಮಾರನಿಂದ ಹೇಳಿಕೆ ಬರೆಸಿಕೊಂಡರು, ಭಗವಂತರಾಯರಿಗೆ ನೋಟಿಸು ಕೊಟ್ಟ ಮೇಲೆ ಬಾಗಿಲಿಗೆ ಅರಗಿನ ಮುದ್ರೆ ಒತ್ತಿದರು. ಹನ್ನೆರಡು ಜನ ಇಳಿದದ್ದನ್ನು ನಾಗರತ್ನಾ ಮತ್ತೊಮ್ಮೆ ಹೇಳಿದಾಗ ಅವರು ಅದನ್ನೂ ಬರೆದುಕೊಂಡರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅವರಿಗೆ ಉಣಿಸದೆ ಬಿಡುವವರಿರಲಿಲ್ಲ. ಕುಬ್ರಾಬೇಗಂ ತಮ್ಮ ಪಕ್ಕದಲ್ಲೇ ಕೂಡಿಸಿ, ಬ್ರೆಡ್ಡಿನ ಸಿಹಿ ಡಬಲ್ ಕಾ ಮೀಠಾ ಮೂರು ಸಲ ಹಾಕಿಸಿದರು.

ಆ ಲಿಫ್ಟು ಗುರುವಾರದ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಹೊಸ ಬ್ರೇಕು ಬಂತು, ನೆಲಕ್ಕೆ ಸಮ ನಿಲ್ಲುವುದನ್ನು ಸರಿಮಾಡಿದರು, ಗುಂಡಿಯ ಸ್ಪ್ರಿಂಗು ಬದಲಿಸಿದರು. ಎರಡು ತಿಂಗಳ ಮೇಲೆ ನಾಗರತ್ನಾ ತಾನೇ ಹೋಗಿ, ಈ ಸಲ ಕಚೇರಿಯ ಕಬ್ಬಿಣದ ತೂಕಗಳನ್ನು ತುಂಬಿ, ಇಡೀ ದಿನ ಮೇಲೆ ಕೆಳಗೆ ಓಡಿಸಿ ನೋಡಿದ ನಂತರವೇ ಪರವಾನಗಿ ಸಿಕ್ಕಿತು. ಭಗವಂತರಾಯರು ಸಂಖ್ಯೆಯನ್ನು ಗೋಡೆಯ ಮೇಲೆ ಅಂಗಡಿಯ ಬೋರ್ಡಿನಷ್ಟು ದೊಡ್ಡದಾಗಿ ಬರೆಸಿದರು. ಒಂಬತ್ತನೆಯವನು ಕಾಲಿಟ್ಟರೆ ಈಗ ಅವರೇ ರಟ್ಟೆ ಹಿಡಿದು ಹೊರಗೆಳೆಯುತ್ತಾರೆ, ಅವನು ಬೀಗನಾಗಿರಲಿ, ಶಾಸಕನಾಗಿರಲಿ.

ಆದರೆ ಅದೆಲ್ಲ ಆಮೇಲಿನದು. ಆ ಭಾನುವಾರ ಸಂಜೆ, ಬಿಸಿಲು ಗುಡ್ಡದ ಆಚೆ ಇಳಿಯುವ ಹೊತ್ತಿಗೆ, ಅಲ್ಮಾಸಳನ್ನು ಗಂಡನ ಮನೆಗೆ ಕಳಿಸುವ ಸಮಯ ಬಂತು. ಹೂ ಮುಚ್ಚಿದ ಕಾರಿನ ಬಾಗಿಲಲ್ಲಿ ಅವಳು ಅಪ್ಪನನ್ನು ತಬ್ಬಿ ಅತ್ತಳು, ದಾದಿಯನ್ನು ತಬ್ಬಿ ಅತ್ತಳು, ನಾಗರತ್ನಾಳನ್ನು ತಬ್ಬಿದವಳು ಅಳುವಿನ ನಡುವೆ ಮೂಗು ಅರಳಿಸಿದಳು.

“ಉಳ್ಳಾಗಡ್ಡಿ ನಾರತೀ ಬೇ.”

“ನೀನೂ ಅಷ್ಟ,” ಎಂದಳು ನಾಗರತ್ನಾ.

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಎಂಟನೆಯ ತರಗತಿಯ ಹುಡುಗಿಯರ ಹಾಗೆ, ಹೊಟ್ಟೆ ನೋಯುವವರೆಗೆ ನಕ್ಕರು. ಒಳಗೆ ಕೂತಿದ್ದ ಇನಾಯತ ಏನಾಯಿತೆಂದು ತಿಳಿಯದೆ ತಾನೂ ನಗತೊಡಗಿದ. ಕಾರು ಇಳಿಜಾರಿನಲ್ಲಿ ಹೊರಟಿತು. ಖಾಜಾಹುಸೇನ ಅದರ ಮುಂದೆ ಬೈಕಿನಲ್ಲಿ ಹಾರನ್ ಬಾರಿಸುತ್ತ ದಾರಿ ಮಾಡಿದ. ನಾಗರತ್ನಾ ಸೀರೆ ಎತ್ತಿ ಹಿಡಿದು, ಬೆಚ್ಚಗಿನ ರಸ್ತೆಯ ಮೇಲೆ ಬರಿಗಾಲಲ್ಲಿ, ಕಾರಿನ ಹಿಂದೆ ತಿರುವಿನವರೆಗೂ ಕೂಗುತ್ತ ಓಡಿದಳು.